ಪೆಗ್ಗಿ ಲೀ ಹಾಡಿದ 'ದಿ ಮ್ಯಾನ್ ಐ ಲವ್' (1957): ಇದನ್ನು ಜಾಝ್ ಎನ್ನಬಹುದೇ?

ಮಂದ್ರ (ಚರ್ಚೆ ಆರಂಭಿಸಿದವರು)

ಅಮೆರಿಕದ ಗಾಯಕಿ ಪೆಗ್ಗಿ ಲೀ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು 1958ರ 'ಫೀವರ್' ಹಾಡು. ಬಾಸ್, ಡ್ರಮ್, ಬೆರಳ ಚಿಟಿಕೆ, ಅವುಗಳ ನಡುವೆ ಆ ಕಂಠ. ಅದಕ್ಕೆ ಒಂದು ವರ್ಷ ಮೊದಲು ಬಂದ 'ದಿ ಮ್ಯಾನ್ ಐ ಲವ್' ಆಲ್ಬಮ್ಮಿನ ಬಗ್ಗೆ ನಮ್ಮಲ್ಲಿ ಯಾರೂ ಮಾತೆತ್ತಿದ್ದನ್ನು ನಾನು ಕಂಡಿಲ್ಲ. ಆದ್ದರಿಂದ ನಾನೇ ಎತ್ತುತ್ತಿದ್ದೇನೆ.

ಹಿನ್ನೆಲೆ ಇಷ್ಟು: ಡೆಕ್ಕಾ ರೆಕಾರ್ಡ್ ಕಂಪನಿಯಲ್ಲಿ ಕೆಲವು ವರ್ಷ ಇದ್ದು, ತಮ್ಮ ಹಳೆಯ ಮನೆಯಾದ ಕ್ಯಾಪಿಟಲ್‌ಗೆ ಮರಳಿದ ಮೇಲೆ ಅವರು ಮಾಡಿದ ಮೊದಲ ಆಲ್ಬಮ್ ಇದು. 1957ರ ಏಪ್ರಿಲ್‌ನಲ್ಲಿ ಹಾಲಿವುಡ್‌ನ ಕ್ಯಾಪಿಟಲ್ ಟವರ್‌ನಲ್ಲಿ ಧ್ವನಿಮುದ್ರಣವಾಯಿತು. ಹನ್ನೆರಡು ಪ್ರೇಮಗೀತೆಗಳು, ಬಹುಪಾಲು ನಿಧಾನಗತಿಯವು. ವಾದ್ಯಸಂಯೋಜನೆ ನೆಲ್ಸನ್ ರಿಡಲ್ ಅವರದು. ವಾದ್ಯವೃಂದದ ಮುಂದೆ ನಿಂತು ನಿರ್ದೇಶಿಸಿದವರು ಫ್ರ್ಯಾಂಕ್ ಸಿನಾತ್ರಾ. ಹೌದು, ಆ ಖ್ಯಾತ ಗಾಯಕ ಸಿನಾತ್ರಾ ಅವರೇ. ಆದರೆ ಇಲ್ಲಿ ಅವರು ಒಂದು ಸಾಲನ್ನೂ ಹಾಡಿಲ್ಲ.

ನನ್ನ ಗಮನಕ್ಕೆ ಬಂದ ಸಂಗತಿಯೆಂದರೆ, ಇಷ್ಟೂ ಹಾಡುಗಳಲ್ಲಿ ಪ್ರೇಮ ಕೈಗೆ ಸಿಕ್ಕ ಸ್ಥಿತಿಯಲ್ಲಿರುವುದು ಅಪರೂಪ. ಮೊದಲ ಹಾಡಿನ ಹೆಂಗಸಿನ ಗಂಡಸು ಇನ್ನೂ ಬಂದೇ ಇಲ್ಲ, ಬರುತ್ತಾನೆಂಬ ನಂಬಿಕೆ ಮಾತ್ರ ಇದೆ. 'ಪ್ಲೀಸ್ ಬಿ ಕೈಂಡ್'ನಲ್ಲಿ ಮೊದಲ ಸಲ ಮನಸ್ಸು ಕೊಟ್ಟವಳು ನೋಯಿಸಬೇಡ ಎಂದು ಬೇಡಿಕೊಳ್ಳುತ್ತಾಳೆ. 'ಇಫ್ ಐ ಶುಡ್ ಲೂಸ್ ಯು' ಪೂರ್ತಿ ಕಳೆದುಕೊಳ್ಳುವ ಭಯ. ಕೊನೆಯ ಹಾಡಿನಲ್ಲಿ ಇನ್ನೂ ಕಟ್ಟದ ಮನೆಯ ವರ್ಣನೆ. ಇದನ್ನೆಲ್ಲ ಆಕೆ ಒಮ್ಮೆಯೂ ಕಂಠ ಏರಿಸದೆ ಹಾಡಿಬಿಡುತ್ತಾರೆ. ನನ್ನ ಮಟ್ಟಿಗೆ ಆಲ್ಬಮ್ಮಿನ ಬಲವಿರುವುದು ಈ ಹಿಡಿತದಲ್ಲಿ. ಆದರೆ ಇದನ್ನು ಜಾಝ್ ಕಪಾಟಿನಲ್ಲಿ ಇಡಬೇಕೋ ಪಾಪ್ ಕಪಾಟಿನಲ್ಲೋ? ನಿಮ್ಮ ಅಭಿಪ್ರಾಯ ಹೇಳಿ.

ಸೂಜಿಮೊನೆ

ಪಾಪ್. ಚರ್ಚೆ ಮುಗಿಯಿತು ಎಂದೇ ಬರೆಯುತ್ತಿದ್ದೆ, ಸ್ವಲ್ಪ ವಿವರಿಸುತ್ತೇನೆ.

ಇದೇ ಗಾಯಕಿ 1953ರಲ್ಲಿ ಡೆಕ್ಕಾಕ್ಕೆ ಮಾಡಿದ 'ಬ್ಲ್ಯಾಕ್ ಕಾಫಿ' ಕೇಳಿ. ಪಿಯಾನೋಗೆ ಜಿಮ್ಮಿ ರೋಲ್ಸ್, ಟ್ರಂಪೆಟ್‌ಗೆ ಪೀಟ್ ಕ್ಯಾಂಡೋಲಿ, ಜೊತೆಗೆ ಬಾಸ್ ಮತ್ತು ಡ್ರಮ್. ಅಷ್ಟೇ ಜನ. ಹಾಡುಗಾರ್ತಿ ಒಂದು ಸಾಲು ಬಿಟ್ಟರೆ ಟ್ರಂಪೆಟ್ ಅದನ್ನು ಎತ್ತಿಕೊಳ್ಳುತ್ತದೆ, ಪಿಯಾನೋ ಛೇಡಿಸುತ್ತದೆ. ಮುಂದಿನ ಕ್ಷಣ ಏನಾಗುತ್ತದೋ ಎಂಬ ಕುತೂಹಲ ಇರುತ್ತದೆ. ಜಾಝ್ ಎಂದರೆ ಅದು. 'ದಿ ಮ್ಯಾನ್ ಐ ಲವ್'ನಲ್ಲಿ ಪ್ರತಿಯೊಂದು ಸ್ವರವನ್ನೂ ರಿಡಲ್ ಮೊದಲೇ ಕಾಗದದ ಮೇಲೆ ಬರೆದಿಟ್ಟಿದ್ದಾರೆ. ಪಿಟೀಲುಗಳ ದೊಡ್ಡ ಸಾಲು, ಹಾರ್ಪ್, ಮರದ ಊದುವಾದ್ಯಗಳು. ಮನೋಧರ್ಮಕ್ಕೆ ಜಾಗವೆಲ್ಲಿ? ಚೆನ್ನಾಗಿಲ್ಲ ಎನ್ನುತ್ತಿಲ್ಲ. ಬಹಳ ಚೆನ್ನಾಗಿ ಹೊಲಿದ ಅಂಗಿ, ಆದರೆ ಎಲ್ಲೂ ಸುಕ್ಕಿಲ್ಲ.

ಕಡಲತಡಿ

ಸೂಜಿಮೊನೆಯವರೇ, ಮನೋಧರ್ಮ ಎಂದರೆ ಸ್ವರ ಬದಲಿಸುವುದು ಮಾತ್ರವೇ? ನಮ್ಮ ಸಂಗೀತದಲ್ಲೂ ಕಟ್ಟಿದ ಕೃತಿಯನ್ನೇ ಹಾಡುತ್ತಾ ಒಂದು ಅಕ್ಷರವನ್ನು ಎಲ್ಲಿ ಇಳಿಸಬೇಕು ಎಂಬುದರಲ್ಲೇ ವಿದ್ವಾಂಸರ ವಿದ್ವತ್ತು ಕಾಣುತ್ತದೆ. ಪೆಗ್ಗಿ ಲೀ ಅವರ ಜಾಝ್ ಇರುವುದು ಕಾಲದಲ್ಲಿ. ವಾದ್ಯಗಳು ತಾಳಕ್ಕೆ ಸರಿಯಾಗಿ ನಡೆಯುತ್ತಿರುತ್ತವೆ. ಆಕೆ ಕೂದಲೆಳೆಯಷ್ಟು ಹಿಂದೆ ಉಳಿದು ಬಂದು ಸೇರುತ್ತಾರೆ. 'ದಟ್ಸ್ ಆಲ್' ಹಾಡನ್ನು ಎರಡು ಸಲ ಕೇಳಿ. ಮೊದಲ ಸಲ ಪಿಟೀಲುಗಳನ್ನು ಮಾತ್ರ ಗಮನಿಸಿ, ಎರಡನೆಯ ಸಲ ಕಂಠವನ್ನು ಮಾತ್ರ. ಎರಡೂ ಬೇರೆ ಬೇರೆ ಗಡಿಯಾರ ನೋಡಿಕೊಂಡು ಹೋಗುತ್ತಿರುವುದು ಕೇಳಿಸುತ್ತದೆ.

ಆಕೆ ಇದನ್ನು ಕಲಿತದ್ದು ವಾದ್ಯಮೇಳದಲ್ಲಿ. ಹುಟ್ಟಿದ್ದು 1920ರಲ್ಲಿ, ನಾರ್ತ್ ಡಕೋಟಾದ ಜೇಮ್ಸ್‌ಟೌನ್‌ನಲ್ಲಿ. ನಿಜವಾದ ಹೆಸರು ನಾರ್ಮಾ ಡೆಲೋರಿಸ್ ಎಗ್‌ಸ್ಟ್ರಾಮ್. 1941ರಲ್ಲಿ ಷಿಕಾಗೋದ ಒಂದು ಹೋಟೆಲಿನಲ್ಲಿ ಹಾಡುತ್ತಿದ್ದಾಗ ಬೆನ್ನಿ ಗುಡ್‌ಮನ್ ಕೇಳಿ ತಮ್ಮ ಮೇಳಕ್ಕೆ ಕರೆದುಕೊಂಡರು. 'ವೈ ಡೋಂಟ್ ಯು ಡು ರೈಟ್' ಹೆಸರು ಮಾಡಿದ್ದು ಆ ಮೇಳದೊಂದಿಗೇ.

ಗುಡ್‌ಮನ್‌ಗೆ ಸಿಗುವ ಮೊದಲಿನ ಕಥೆ ಇನ್ನೂ ಸ್ವಾರಸ್ಯದ್ದು. ಪಾಮ್ ಸ್ಪ್ರಿಂಗ್ಸ್‌ನಲ್ಲಿ ಡಾಲ್ ಹೌಸ್ ಎಂಬ ಕಡೆ ಹಾಡುತ್ತಿದ್ದರು. ಕುಡಿದು ತಿಂದು ಗದ್ದಲ ಎಬ್ಬಿಸುವ ಗಿರಾಕಿಗಳು. ಅವರ ಮೇಲೆ ಕಿರುಚಿ ಗೆಲ್ಲುವುದು ಸಾಧ್ಯವಿಲ್ಲವೆಂದು ಕಂಡು, ಆಕೆ ದನಿ ತಗ್ಗಿಸಿದರು. ಇನ್ನೂ ತಗ್ಗಿಸಿದರು. ಏನು ಹಾಡುತ್ತಿದ್ದಾಳೆಂದು ತಿಳಿಯಲು ಜನರೇ ಬಾಯಿ ಮುಚ್ಚಬೇಕಾಯಿತು. ಆ ದಿನದಿಂದ ಅದೇ ಅವರ ಶೈಲಿಯಾಯಿತು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಮಂದ್ರ ಅವರು ಹೇಳಿದ 'ಹಿಡಿತ'ದ ಬೇರು ಅಲ್ಲಿದೆ.

ನ್ಯೂಜೆರ್ಸಿ ಕನ್ನಡತಿ

ರಿಡಲ್ ಹುಟ್ಟಿದ್ದು ಓರಡೆಲ್‌ನಲ್ಲಿ, ಸಿನಾತ್ರಾ ಹೊಬೊಕೆನ್‌ನಲ್ಲಿ. ಇಬ್ಬರೂ ನಮ್ಮ ನ್ಯೂಜೆರ್ಸಿಯವರು, ಹಾಗಾಗಿ ಸ್ವಲ್ಪ ಪಕ್ಷಪಾತದಿಂದಲೇ ಬರೆಯುತ್ತೇನೆ.

ಸಿನಾತ್ರಾ ಅವರಿಗೆ ಸ್ವರಲಿಪಿ ಸಲೀಸಾಗಿ ಓದಲು ಬರುತ್ತಿರಲಿಲ್ಲ. ಹಾಗಿದ್ದೂ ಅಷ್ಟು ದೊಡ್ಡ ವಾದ್ಯವೃಂದವನ್ನು ನಡೆಸಿದ್ದು ಹೇಗೆ ಎಂದು ಹಲವರು ಕೇಳುತ್ತಾರೆ. ಹಿಂದಿನ ವರ್ಷ, 1956ರಲ್ಲಿ, ಅವರು 'ಟೋನ್ ಪೊಯಮ್ಸ್ ಆಫ್ ಕಲರ್' ಎಂಬ ವಾದ್ಯಸಂಗೀತದ ಆಲ್ಬಮ್ ನಿರ್ದೇಶಿಸಿದ್ದರು; ಹೊಸದಾಗಿ ಎದ್ದ ಕ್ಯಾಪಿಟಲ್ ಟವರ್‌ನಲ್ಲಿ ಮುದ್ರಣವಾದ ಮೊದಲ ಆಲ್ಬಮ್ ಅದು. ಮುಂದೆ ಗಾಯಕ ಡೀನ್ ಮಾರ್ಟಿನ್ ಅವರ 'ಸ್ಲೀಪ್ ವಾರ್ಮ್'ಗೂ ಅವರದೇ ನಿರ್ದೇಶನ. ಅಂದರೆ ಇದು ಒಂದು ದಿನದ ಹುಚ್ಚಲ್ಲ.

ಹಾಡುಗಾರ್ತಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದು ಇನ್ನೊಬ್ಬ ಹಾಡುಗಾರನಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. ಟಾಮಿ ಡಾರ್ಸಿಯವರ ಮೇಳದಲ್ಲಿದ್ದಾಗ, ಡಾರ್ಸಿ ಟ್ರಾಂಬೋನ್ ನುಡಿಸುತ್ತಾ ಕೇಳುಗರಿಗೆ ಗೊತ್ತಾಗದಂತೆ ಉಸಿರೆಳೆದುಕೊಳ್ಳುವುದನ್ನು ಹಿಂದೆ ಕುಳಿತು ನೋಡಿ ನೋಡಿ ಕಲಿತವರು ಸಿನಾತ್ರಾ. ರಿಡಲ್ ಕೂಡ ಟ್ರಾಂಬೋನ್ ವಾದಕರೇ, ಡಾರ್ಸಿ ಮೇಳದಲ್ಲಿ ನುಡಿಸಿದವರೇ. ಉಸಿರಿನ ಪಾಠವನ್ನು ಒಂದೇ ಶಾಲೆಯಲ್ಲಿ ಕಲಿತ ಇಬ್ಬರು ಈ ಗಾಯಕಿಯ ಹಿಂದೆ ಇದ್ದಾರೆ. ಸಾಲು ಮುಗಿಯುವಲ್ಲಿ ವಾದ್ಯಗಳು ಅವಸರಪಡುವುದಿಲ್ಲ, ಆಕೆ ಅಕ್ಷರವನ್ನು ಪೂರ್ತಿ ಬಿಡುವವರೆಗೆ ಕಾಯುತ್ತವೆ. 'ಮೈ ಹಾರ್ಟ್ ಸ್ಟುಡ್ ಸ್ಟಿಲ್'ನಲ್ಲಿ ಇದು ಬಹಳ ಸ್ಪಷ್ಟ.

ಸೂಜಿಮೊನೆ

ಉಸಿರಿನ ಮಾತು ಒಪ್ಪುತ್ತೇನೆ. ಆದರೆ 1957ರಲ್ಲಿ ಸಿನಾತ್ರಾ ಹೆಸರು ಹೊದಿಕೆಯ ಮೇಲಿದ್ದರೆ ನಾಲ್ಕು ರೆಕಾರ್ಡು ಹೆಚ್ಚು ಖರ್ಚಾಗುತ್ತಿತ್ತು ಎಂಬುದೂ ಕಂಪನಿಗೆ ಗೊತ್ತಿತ್ತು ತಾನೇ?

ನ್ಯೂಜೆರ್ಸಿ ಕನ್ನಡತಿ

ಗೊತ್ತಿತ್ತು, ಖಂಡಿತ. ಎರಡೂ ಏಕಕಾಲಕ್ಕೆ ನಿಜವಾಗಬಾರದೇ? ಇದೇ ರಿಡಲ್ 1959ರಲ್ಲಿ ಜಾಝ್ ಗಾಯಕಿ ಎಲ್ಲಾ ಫಿಟ್ಸ್‌ಜೆರಾಲ್ಡ್ ಅವರ ಗರ್ಷ್ವಿನ್ ಗೀತೆಗಳ ಸಂಗ್ರಹಕ್ಕೂ ಸಂಯೋಜನೆ ಮಾಡಿದರು. ಅದರಲ್ಲೂ 'ದಿ ಮ್ಯಾನ್ ಐ ಲವ್' ಇದೆ. ಸಂಯೋಜಕರು ಒಬ್ಬರೇ, ಹಾಡು ಒಂದೇ. ಫಿಟ್ಸ್‌ಜೆರಾಲ್ಡ್ ಹಾಡಿದರೆ ಗಂಡಸು ನಾಳೆ ಬೆಳಿಗ್ಗೆ ಬಂದೇ ಬರುತ್ತಾನೆ ಅನ್ನಿಸುತ್ತದೆ. ಪೆಗ್ಗಿ ಹಾಡಿದರೆ, ಬಾರದಿದ್ದರೂ ಈಕೆ ಹೀಗೆಯೇ ಹಾಡುತ್ತಿರುತ್ತಾಳೆ ಅನ್ನಿಸುತ್ತದೆ.

ಅಂದಹಾಗೆ ಆ ಹಾಡಿನ ಪಾಡೂ ಕಾಯುವುದೇ ಆಗಿತ್ತು. ಗರ್ಷ್ವಿನ್ ಸೋದರರು ಅದನ್ನು 1924ರ 'ಲೇಡಿ, ಬಿ ಗುಡ್' ನಾಟಕಕ್ಕಾಗಿ ಬರೆದರು. ನಾಟಕ ನ್ಯೂಯಾರ್ಕ್ ತಲುಪುವ ಮೊದಲೇ ತೆಗೆದುಹಾಕಿದರು. ಆಮೇಲೆ ಇನ್ನೆರಡು ನಾಟಕಗಳಿಗೆ ಸೇರಿಸಲು ನೋಡಿದರು, ಅಲ್ಲೂ ನೆಲೆ ನಿಲ್ಲಲಿಲ್ಲ. ಕೊನೆಗೆ ಯಾವ ನಾಟಕದ ಹಂಗೂ ಇಲ್ಲದೆ ತಾನೇ ಬೆಳೆಯಿತು.

ಮಂದ್ರ

ಕೊನೆಯ ಹಾಡಿಗೆ ಬರೋಣ. 'ದಿ ಫೋಕ್ಸ್ ಹೂ ಲಿವ್ ಆನ್ ದಿ ಹಿಲ್' ನನ್ನ ಪ್ರಕಾರ ಈ ಆಲ್ಬಮ್ಮಿನ ಕಳಶ. ಜೆರೋಮ್ ಕರ್ನ್ ಸಂಗೀತ, ಎರಡನೆಯ ಆಸ್ಕರ್ ಹ್ಯಾಮರ್‌ಸ್ಟೈನ್ ಸಾಹಿತ್ಯ. 1937ರ ಒಂದು ಹಾಲಿವುಡ್ ಚಿತ್ರದಲ್ಲಿ ಐರೀನ್ ಡನ್ ಮೊದಲು ಹಾಡಿದ್ದು.

ಸಾಹಿತ್ಯ ಬಲು ಸರಳ. ಬೆಟ್ಟದ ನೆತ್ತಿಯಲ್ಲಿ ಇಬ್ಬರಿಗೆ ಸಾಲುವಷ್ಟು ಒಂದು ಪುಟ್ಟ ಮನೆ ಕಟ್ಟೋಣ. ಮುಂದೆ ಬೇಕೆನಿಸಿದರೆ ಒಂದೆರಡು ಕೋಣೆ ಸೇರಿಸೋಣ. ಜಗಲಿಯಲ್ಲಿ ಕುಳಿತರೆ ಹಸಿರು ಬಯಲು ಕಾಣುತ್ತದೆ. ಮಕ್ಕಳು ದೊಡ್ಡವರಾಗಿ ಹೊರಟು ಹೋದ ಮೇಲೆ ನಾವಿಬ್ಬರೇ ಕುಳಿತು ಅದೇ ಹಳೆಯ ನೋಟವನ್ನು ನೋಡೋಣ. ಇಷ್ಟೇ. ಒಂದು ಇಡೀ ಸಂಸಾರ ಕೆಲವೇ ನಿಮಿಷಗಳಲ್ಲಿ ಶುರುವಾಗಿ ಮುಪ್ಪಿಗೆ ಬಂದು ನಿಲ್ಲುತ್ತದೆ. ಕೊನೆಯ ಭಾಗದಲ್ಲಿ, ಒಂದು ಕಾಲದಲ್ಲಿ ಜ್ಯಾಕ್ ಮತ್ತು ಜಿಲ್ ಆಗಿದ್ದವರು ಈಗ ಡಾರ್ಬಿ ಮತ್ತು ಜೋನ್ ಎನ್ನುತ್ತಾರೆ. ಮೊದಲ ಜೋಡಿ ಶಿಶುಗೀತೆಯ ಮಕ್ಕಳು; ಎರಡನೆಯದು, ಅನ್ಯೋನ್ಯವಾಗಿ ಬಾಳಿ ಮುದಿಯಾದ ದಂಪತಿಗೆ ಇಂಗ್ಲಿಷರು ಇಟ್ಟುಕೊಂಡ ಹೆಸರು.

ಪೆಗ್ಗಿ ಇಲ್ಲಿ ಮಾಡುವುದನ್ನು ಗಮನಿಸಿ. ಮನೆ ಕಟ್ಟುವ ಸಾಲುಗಳಲ್ಲಿ ಕಂಠದಲ್ಲಿ ತುಸು ನಗು ಇದೆ. ಮಕ್ಕಳು ಹೊರಟು ಹೋಗುವ ಸಾಲಿಗೆ ಬಂದಾಗ ಸಾಮಾನ್ಯ ಗಾಯಕಿಯಾದರೆ ಒಂದು ಬಿಕ್ಕು ಸೇರಿಸುತ್ತಿದ್ದಳು. ಇವರು ಏನೂ ಮಾಡುವುದಿಲ್ಲ. ನಗುವನ್ನು ಹಿಂತೆಗೆದುಕೊಳ್ಳುತ್ತಾರೆ, ಅಷ್ಟೇ. ದನಿ ಮಾತಿಗೆ ಹತ್ತಿರವಾಗುತ್ತದೆ. ಆ ಎರಡು ಸಾಲುಗಳ ನಡುವೆ ಆಕೆಗೆ ವಯಸ್ಸಾಗಿಬಿಟ್ಟಿರುತ್ತದೆ.

ಘಟ್ಟದ ಮೇಲಿನವ

ಬೆಟ್ಟದ ಮೇಲಿನ ಮನೆ, ದಾಂಪತ್ಯ, ಜಗಲಿ. 1942ರ 'ಮೈಸೂರು ಮಲ್ಲಿಗೆ'ಯನ್ನು ಓದಿ ಬೆಳೆದ ನಮಗೆ ಇದು ಹೊಸ ಲೋಕವೇನಲ್ಲ. ಮದುವೆಯಾದ ಮೇಲೆಯೇ ಪ್ರೇಮ ಶುರುವಾಗುತ್ತದೆ ಎಂದು ಕೆ.ಎಸ್.ನ. ತೋರಿಸಿದ್ದಾರಲ್ಲ.

ಸೂಜಿಮೊನೆ

ಈ ಬಳಗದಲ್ಲಿ ಬ್ರೆಜಿಲ್‌ನ ಸಾಂಬಾ ಕುರಿತು ಬರೆದರೂ ಹತ್ತನೆಯ ಪ್ರತಿಕ್ರಿಯೆಯೊಳಗೆ ಮೈಸೂರು ಮಲ್ಲಿಗೆ ಬರುತ್ತದೆ.

ಘಟ್ಟದ ಮೇಲಿನವ

ಬರಲಿ ಬಿಡಿ, ಒಳ್ಳೆಯ ಹೂವು. ಆದರೆ ವ್ಯತ್ಯಾಸವನ್ನೂ ಹೇಳುತ್ತೇನೆ. ನರಸಿಂಹಸ್ವಾಮಿಯವರ ದಂಪತಿಗಳ ಸುತ್ತ ಊರಿದೆ, ಅತ್ತೆ ಮಾವ ಇದ್ದಾರೆ, ಬಳೆಗಾರ ಬರುತ್ತಾನೆ. ಈ ಬೆಟ್ಟದ ಮನೆಯಲ್ಲಿ ಇಬ್ಬರೇ. ನೆಂಟರಿಷ್ಟರು ಯಾರೂ ಜಗಲಿ ಹತ್ತುವುದಿಲ್ಲ. ಹಾಡಿನ ದುಃಖ ಇರುವುದೇ ಅಲ್ಲಿ ಎಂದು ನನಗೆ ಅನ್ನಿಸುತ್ತದೆ.

ಮೂಗುಬೊಟ್ಟು

ಎಲ್ಲರೂ ಉಸಿರು, ತಾಳ, ಕಳಶ ಎನ್ನುತ್ತಿದ್ದೀರಿ. ಸಾಹಿತ್ಯ ಏನು ಹೇಳುತ್ತದೆ ಎಂದು ಯಾರೂ ಜಗಳ ತೆಗೆಯಲಿಲ್ಲವಲ್ಲ, ನಾನು ತೆಗೆಯುತ್ತೇನೆ.

'ಸಮ್‌ಥಿಂಗ್ ವಂಡರ್‌ಫುಲ್' ಹಾಡನ್ನೇ ನೋಡಿ. ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಅವರ 1951ರ 'ದಿ ಕಿಂಗ್ ಆ್ಯಂಡ್ ಐ' ನಾಟಕದ್ದು. ಅಲ್ಲಿ ರಾಜನ ಪಟ್ಟದ ರಾಣಿ ಇನ್ನೊಬ್ಬ ಹೆಂಗಸಿಗೆ ರಾಜನ ಪರವಾಗಿ ವಕಾಲತ್ತು ವಹಿಸುತ್ತಾಳೆ: ಅವನು ತಪ್ಪು ಮಾಡುತ್ತಾನೆ, ನೋಯಿಸುತ್ತಾನೆ, ಆದರೂ ಆಗೊಮ್ಮೆ ಈಗೊಮ್ಮೆ ಅದ್ಭುತವಾದದ್ದೇನನ್ನೋ ಮಾಡುತ್ತಾನೆ, ಆದ್ದರಿಂದ ಕ್ಷಮಿಸು. 'ಹ್ಯಾಪಿನೆಸ್ ಈಸ್ ಎ ಥಿಂಗ್ ಕಾಲ್ಡ್ ಜೋ' ಹಾಡಿಗೂ ಇದೇ ಧಾಟಿ. ಗಂಡ ನಕ್ಕರೆ ಇವಳಿಗೆ ಬೆಳಕು. 'ಹಿ ಈಸ್ ಮೈ ಗೈ' ಕೂಡ ಅದೇ: ಹೇಗಿದ್ದರೂ ನನ್ನವನು. ಒಂದಾದ ಮೇಲೊಂದು ಕೇಳುತ್ತಾ ಹೋದರೆ ಸಿಟ್ಟು ಬರುತ್ತದೆ. ಪಿಟೀಲಿನ ರೇಷ್ಮೆಯಲ್ಲಿ ಸುತ್ತಿಕೊಟ್ಟ ಮಾತ್ರಕ್ಕೆ ಸಹನೆಯ ಉಪದೇಶ ಪ್ರೇಮವಾಗುವುದಿಲ್ಲ.

ಕಡಲತಡಿ

ಮೂಗುಬೊಟ್ಟು ಮೇಡಂ, ಸಾಹಿತ್ಯದ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಹಾಡಿದವರು ಆ ಸಾಹಿತ್ಯದ ಹೆಂಗಸಲ್ಲ. ಆ ಕಾಲದಲ್ಲಿ ತಮ್ಮ ಹಾಡುಗಳನ್ನು ತಾವೇ ಬರೆದ ಗಾಯಕಿಯರು ಎಷ್ಟು ಮಂದಿ? 'ಇಟ್ಸ್ ಎ ಗುಡ್ ಡೇ', 'ಮನ್ಯಾನಾ' ಇವರು ತಮ್ಮ ಮೊದಲ ಪತಿ, ಗಿಟಾರ್ ವಾದಕ ಡೇವ್ ಬಾರ್ಬರ್ ಜೊತೆ ಬರೆದವು. 1955ರಲ್ಲಿ ಡಿಸ್ನಿಯ ಕಾರ್ಟೂನ್ ಚಿತ್ರ 'ಲೇಡಿ ಆ್ಯಂಡ್ ದಿ ಟ್ರ್ಯಾಂಪ್'ಗೆ ಸನ್ನಿ ಬರ್ಕ್ ಜೊತೆ ಹಾಡು ಬರೆದರು, ಅದರ ಎರಡು ಸಯಾಮಿ ಬೆಕ್ಕುಗಳೂ ಸೇರಿದಂತೆ ಹಲವು ಪಾತ್ರಗಳಿಗೆ ದನಿ ಕೊಟ್ಟರು. ಅದೇ ವರ್ಷದ 'ಪೀಟ್ ಕೆಲ್ಲೀಸ್ ಬ್ಲೂಸ್' ಚಿತ್ರದ ನಟನೆಗೆ ಆಸ್ಕರ್ ನಾಮನಿರ್ದೇಶನ ಬಂತು.

ಮುಂದೆ ಡಿಸ್ನಿ ಆ ಚಿತ್ರದ ವಿಡಿಯೊ ಕ್ಯಾಸೆಟ್ ಮಾರಿದಾಗ, ತಮ್ಮ ಒಪ್ಪಂದದಲ್ಲಿ ಆ ಹಕ್ಕು ಕೊಟ್ಟಿರಲಿಲ್ಲ ಎಂದು 1988ರಲ್ಲಿ ಮೊಕದ್ದಮೆ ಹೂಡಿದರು. 1991ರಲ್ಲಿ ತೀರ್ಪು ಇವರ ಪರವಾಯಿತು. ಪರಿಹಾರ ಸುಮಾರು 23 ಲಕ್ಷ ಡಾಲರ್. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಮೂಗುಬೊಟ್ಟು

ಕಡಲತಡಿಯವರೇ, ಹಾಡುಗಾರ್ತಿ ಗಟ್ಟಿಗಿತ್ತಿ ಎಂದ ಮಾತ್ರಕ್ಕೆ ಹಾಡು ಗಟ್ಟಿಯಾಗುವುದಿಲ್ಲ. ಆದರೂ ಒಂದು ಮಾತು ಸೇರಿಸುತ್ತೇನೆ. ನೀವು ಬರೆದ ಮೇಲೆ 'ಸಮ್‌ಥಿಂಗ್ ವಂಡರ್‌ಫುಲ್' ಮತ್ತೆ ಹಾಕಿಕೊಂಡೆ. ರಂಗಭೂಮಿಯ ಗಾಯಕಿಯರು ಇದನ್ನು ತುಂಬುಕಂಠದಿಂದ, ಕೇಳುವವರನ್ನು ಒಪ್ಪಿಸಿಯೇ ಸಿದ್ಧ ಎಂಬಂತೆ ಹಾಡುತ್ತಾರೆ. ಪೆಗ್ಗಿ ಯಾರನ್ನೂ ಒಪ್ಪಿಸಲು ಹೋಗುವುದಿಲ್ಲ. ತನಗೆ ತಾನೇ ಹೇಳಿಕೊಳ್ಳುತ್ತಿರುವಂತಿದೆ, ಅದೂ ಪೂರ್ತಿ ನಂಬಿಕೆಯಿಲ್ಲದೆ. ಆ ಸಂಶಯ ನನಗೆ ಹಿಡಿಸಿತು. ಸಾಹಿತ್ಯದ ಮೇಲಿನ ಸಿಟ್ಟು ಹಾಗೇ ಇದೆ.

ಹೊಸ ಕೇಳುಗ

ಓದುತ್ತಾ ಆಸೆಯಾಯಿತು. ರೆಕಾರ್ಡ್ ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು? ಸ್ಟೀರಿಯೊ ಸಿಗುತ್ತದೆಯೇ?

ಸೂಜಿಮೊನೆ

ಇದು ನನ್ನ ಕ್ಷೇತ್ರ, ಸ್ವಲ್ಪ ಉದ್ದ ಬರೆಯುತ್ತೇನೆ.

ಸ್ಟೀರಿಯೊ, ಅಂದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಧ್ವನಿ ಕೊಡುವ ಎಲ್‌ಪಿ ರೆಕಾರ್ಡುಗಳು ಮಾರುಕಟ್ಟೆಗೆ ಸರಿಯಾಗಿ ಬಂದದ್ದೇ 1958ರಲ್ಲಿ. ಇದು ಅದಕ್ಕಿಂತ ಮುಂಚಿನ ಮೋನೊ ಆಲ್ಬಮ್ (ಎರಡೂ ಕಡೆ ಒಂದೇ ಧ್ವನಿ), ಮೋನೊದಲ್ಲೇ ಕೇಳಬೇಕು. 1961ರಿಂದಾಚೆಗೆ ಕ್ಯಾಪಿಟಲ್ ಕಂಪನಿ ತನ್ನ ಹಳೆಯ ಮೋನೊ ಆಲ್ಬಮ್‌ಗಳನ್ನು 'ಡ್ಯುಯೊಫೋನಿಕ್' ಎಂಬ ಹೆಸರಿನಲ್ಲಿ ಕೃತಕ ಸ್ಟೀರಿಯೊ ಮಾಡಿ ಮಾರಿತು. ಒಂದೇ ಧ್ವನಿಯನ್ನು ಸೀಳಿ, ಒಂದು ಕಡೆ ಮಂದ್ರ, ಇನ್ನೊಂದು ಕಡೆ ತಾರ ಹೆಚ್ಚಿಸಿ, ನಡುವೆ ಕ್ಷಣದ ಭಾಗದಷ್ಟು ಅಂತರ ಕೊಡುವ ಚಮತ್ಕಾರ. ಯಾವ ಹಳೆಯ ಕ್ಯಾಪಿಟಲ್ ರೆಕಾರ್ಡ್ ಮೇಲಾದರೂ ಆ ಹೆಸರು ಕಂಡರೆ ಕೆಳಗಿಟ್ಟು ಬನ್ನಿ.

ಲೇಬಲ್ ನೋಡಿ. ಸುತ್ತ ಕಾಮನಬಿಲ್ಲಿನ ಪಟ್ಟಿ ಇದ್ದರೆ ಅದು 1958ರ ಕೊನೆಯ ನಂತರದ ಮುದ್ರಣ. ಹಾಗೆಂದು ಕೆಟ್ಟದ್ದೆಂದಲ್ಲ.

ಈಗ ಮುಖ್ಯ ವಿಷಯ. ಮಂದ್ರ ಅವರು ಕಳಶ ಎಂದ ಹಾಡು ಎರಡನೆಯ ಬದಿಯ ಕೊನೆಯದು. ಅಂದರೆ ತಟ್ಟೆಯ ಒಳಅಂಚಿನಲ್ಲಿದೆ. ತಟ್ಟೆ ತಿರುಗುವ ವೇಗ ನಿಮಿಷಕ್ಕೆ 33⅓ ಸುತ್ತು, ಅದು ಬದಲಾಗುವುದಿಲ್ಲ. ಆದರೆ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು ಹರಿದರೆ, ಒಳ ಅಂಚಿನಲ್ಲಿ 21 ಸೆಂ.ಮೀ. ಆಸುಪಾಸು. ಅಷ್ಟೇ ಧ್ವನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಸ, ಶ ಅಕ್ಷರಗಳು ಒಡೆದು ಸೀಳುವುದು ಅಲ್ಲಿಯೇ. ಪಿಸುದನಿಯಲ್ಲಿ ಹಾಡುವವರಿಗೆ ಆ ಅಕ್ಷರಗಳೇ ಜೀವ. ಅದನ್ನೇ ಹಿಂದಿನ ಮಾಲೀಕ ಸವೆದ ಸೂಜಿ ಹಾಕಿ ಅರೆದಿರುತ್ತಾನೆ. ಆದ್ದರಿಂದ ಅಂಗಡಿಯಲ್ಲಿ ಕೇಳಿ ನೋಡಲು ಬಿಟ್ಟರೆ ಮೊದಲ ಹಾಡನ್ನು ಹಾಕಿಸಿ ತಲೆದೂಗಬೇಡಿ. ಎರಡನೆಯ ಬದಿ ಮೇಲೆ ಮಾಡಿ, ಕೊನೆಯ ಹಾಡಿನ ಮೇಲೆ ಸೂಜಿ ಇಳಿಸಲು ಹೇಳಿ. ಅದು ಚೆನ್ನಾಗಿದ್ದರೆ ಉಳಿದ ಹನ್ನೊಂದೂ ಚೆನ್ನಾಗಿಯೇ ಇರುವ ಸಾಧ್ಯತೆ ಹೆಚ್ಚು.

ನಿಮ್ಮ ಬಳಿ ಸ್ಟೀರಿಯೊ ಕಾರ್ಟ್ರಿಡ್ಜ್ (ಸೂಜಿಯನ್ನು ಹಿಡಿದಿರುವ ಭಾಗ) ಇದ್ದರೆ ಆಂಪ್ಲಿಫೈಯರ್‌ನಲ್ಲಿ ಮೋನೊ ಗುಂಡಿ ಒತ್ತಿ. ಗೀರಿನ ಮೇಲುಕೆಳಗಿನ ಅಲುಗಾಟದಿಂದ ಬರುವ ಚಟಪಟ ಸದ್ದಿನ ದೊಡ್ಡ ಪಾಲು ಅಲ್ಲಿಗೇ ಅಳಿಯುತ್ತದೆ, ಏಕೆಂದರೆ ಮೋನೊ ರೆಕಾರ್ಡಿನ ಸಂಗೀತವೆಲ್ಲ ಅಡ್ಡ ಅಲುಗಾಟದಲ್ಲಿದೆ.

ಹೊಸ ಕೇಳುಗ

ಧನ್ಯವಾದ ಸರ್. ಹೊದಿಕೆಯ ಚಿತ್ರದಲ್ಲಿ ಆಕೆಯ ಕಣ್ಣು ತುಂಬಿ ಬಂದಂತಿದೆ. ಅದು ಅಭಿನಯವೇ?

ನ್ಯೂಜೆರ್ಸಿ ಕನ್ನಡತಿ

ಅದಕ್ಕೊಂದು ಕಥೆ ಇದೆ. ಹೊದಿಕೆಯಲ್ಲಿ ಬೆನ್ನು ತಿರುಗಿಸಿ ನಿಂತು ಆಕೆಯನ್ನು ಅಪ್ಪಿಕೊಂಡಿರುವವರು ಅಂದಿನ ಪತಿ, ನಟ ಡೂಯಿ ಮಾರ್ಟಿನ್. ಕಣ್ಣಲ್ಲಿ ಪ್ರೇಮದ ಮಂಜು ಕಾಣಬೇಕೆಂದು ಪೆಗ್ಗಿಯ ಕಣ್ಣಿಗೆ ಸಿನಾತ್ರಾ ಮೆಂಥಾಲ್ ಹಾಕಿದರು ಎಂದು ಆಕೆಯೇ ಹೇಳುತ್ತಿದ್ದರು. ಆಲ್ಬಮ್ಮಿನ ಪ್ರತಿ ವಿವರವನ್ನೂ ಸಿನಾತ್ರಾ ಹಾಗೆ ಬೆನ್ನು ಹತ್ತಿದ್ದರಂತೆ. ಆ ಮದುವೆ ಮುರಿದದ್ದು 1958ರಲ್ಲಿ.

ಮೂಗುಬೊಟ್ಟು

ಮೆಂಥಾಲ್ ಹಾಕಿ ತರಿಸಿದ ಪ್ರೇಮ! ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮಂದ್ರ

ಚಿತ್ರಕ್ಕೆ ಮೆಂಥಾಲ್ ಬೇಕಾಯಿತು, ಹಾಡಿಗೆ ಬೇಕಾಗಲಿಲ್ಲವಲ್ಲ. ಅದೇ ನನ್ನ ವಾದಕ್ಕೂ ಸಾಕ್ಷಿ.

ಕಪಾಟಿನ ಪ್ರಶ್ನೆಗೆ ಬರುತ್ತೇನೆ. ಸೂಜಿಮೊನೆಯವರ ಮಾತಿನಂತೆ ವಾದ್ಯವೃಂದ ಪಾಪ್, ಕಡಲತಡಿಯವರ ಮಾತಿನಂತೆ ಕಂಠ ಜಾಝ್. ನಾನು ನನ್ನ ಪ್ರತಿಯನ್ನು 'ಬ್ಲ್ಯಾಕ್ ಕಾಫಿ'ಯ ಪಕ್ಕದಲ್ಲೇ ಇಡುತ್ತೇನೆ. ಎರಡನ್ನೂ ಒಂದೇ ಸಂಜೆ ಕೇಳಿದರೆ, ನಾಲ್ವರು ವಾದಕರ ನಡುವೆ ಹಾಡಿದಾಗಲೂ ದೊಡ್ಡ ವಾದ್ಯವೃಂದದ ಮುಂದೆ ಹಾಡಿದಾಗಲೂ ಆಕೆ ಮೈಕಿನಿಂದ ದೂರ ಸರಿದಿಲ್ಲ, ದನಿಯನ್ನೂ ಏರಿಸಿಲ್ಲ ಎಂಬುದು ಗೊತ್ತಾಗುತ್ತದೆ.

ಸೂಜಿಮೊನೆ

ನಿಮ್ಮ ಕಪಾಟು, ನಿಮ್ಮ ಇಷ್ಟ. ನನ್ನ ತಕರಾರು ಈಗಲೂ ಒಂದಿದೆ: ಮೊದಲ ಬದಿಯಲ್ಲಿ ಆರು ನಿಧಾನದ ಹಾಡುಗಳು ಸಾಲಾಗಿ ಬರುತ್ತವೆ. 'ಐ ಲವ್ ಯು' ಎಂಬ ಇರ್ವಿಂಗ್ ಬರ್ಲಿನ್ ಹಾಡನ್ನು ಎರಡನೆಯ ಬದಿಗೆ ಕಳಿಸಿ, 'ಮೈ ಹಾರ್ಟ್ ಸ್ಟುಡ್ ಸ್ಟಿಲ್' ಅನ್ನು ಆ ಜಾಗಕ್ಕೆ ತಂದಿದ್ದರೆ ಕೇಳುಗನಿಗೆ ನಡುವೆ ಎದ್ದು ಕೂರಲು ಒಂದು ನೆಪ ಸಿಗುತ್ತಿತ್ತು. ಯಾರಾದರೂ ಆ ಕ್ರಮದಲ್ಲಿ ಕೇಳಿ ನೋಡಿ, ಬಂದು ಜಗಳವಾಡಿ.